ದೊಡ್ಡಪ್ಪನ ಕಾರಿಗೆ ದೊಡ್ಡ ಎಂಜಿನ್



ಕಳೆದ ತಿಂಗಳು ಚೆಂಬೂರಿನ ಕೇಳುಗರೊಬ್ಬರಿಂದ ಒಂದು ಪತ್ರ ಬಂತು. ಸಾಮಾನ್ಯವಾಗಿ ನಮಗೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆ ಇರುತ್ತದೆ, ಇಲ್ಲವೇ ಯಕ್ಷಗಾನದ ದಿನಾಂಕ ತಪ್ಪು ಹೇಳಿದಿರಿ ಎಂಬ ಆಕ್ಷೇಪಣೆ ಇರುತ್ತದೆ. ಇದರಲ್ಲಿ ಎರಡೂ ಇರಲಿಲ್ಲ. ಅವರ ದೊಡ್ಡಪ್ಪ ತೀರಿಕೊಂಡಾಗ 1970ರ ಒಂದು ಎಂಜಿಬಿ ಜಿಟಿ ಕಾರನ್ನು ಇವರ ಪಾಲಿಗೆ ಬಿಟ್ಟುಹೋದರಂತೆ. ಎರಡು ಬಾಗಿಲಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಹತ್ತು ವರ್ಷ ನಿಂತಲ್ಲೇ ನಿಂತು ಎಂಜಿನ್ ಜಾಮ್ ಆಗಿದೆ. ಗ್ಯಾರೇಜಿನವರು, "ಈ ಮುದಿ ಎಂಜಿನ್ ಕಿತ್ತುಹಾಕಿ, ದೊಡ್ಡದೊಂದು ಕೂರಿಸೋಣ. ಗಾಡಿ ಹಾರುತ್ತೆ ನೋಡಿ" ಎಂದಿದ್ದಾರೆ. ಇಂಗ್ಲೆಂಡಿನಲ್ಲಿ ಇದೇ ಕಾರಿಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಹಾಕುತ್ತಿದ್ದರಂತೆ, ನಿಜವೇ? ಹಾಕಿಸಲೇ, ಬೇಡವೇ? ಇದು ಅವರ ಪ್ರಶ್ನೆ.

ಕಾರ್ಯಕ್ರಮದಲ್ಲಿ ಎರಡು ನಿಮಿಷದ ಉತ್ತರ ಕೊಟ್ಟೆ. ಹಾಡು ಹಾಕುವ ಅವಸರದಲ್ಲಿ ಅದು ಅರ್ಧಂಬರ್ಧವಾಯಿತು. ಕನ್ನಡ ಬಿ.ಎ. ಮಾಡಿದವನಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಆದರೆ ಈ ಕಾರಿನ ಹಿಂದೆ ಒಳ್ಳೆಯ ಕಥೆಯೊಂದಿದೆ. ಒಂದೇ ಕಾರ್ಖಾನೆ ಒಂದೇ ಕಾರಿಗೆ ಎರಡು ಸಲ ದೊಡ್ಡ ಎಂಜಿನ್ ಕೂರಿಸಿತು. ಮೊದಲ ಸಲ ಬೈಸಿಕೊಂಡಿತು, ಎರಡನೆಯ ಸಲ ಭೇಷ್ ಎನಿಸಿಕೊಂಡಿತು. ಚೆಂಬೂರಿನವರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. ಉಳಿದರ್ಧ ನಮ್ಮ ಆರ್‌ಟಿಒ ಕಚೇರಿಯಲ್ಲಿದೆ.

ಎಂಜಿಬಿ ಬಂದದ್ದು 1962ರಲ್ಲಿ, ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಿಂದ. ಮೊದಲು ಮೇಲೆ ಬಟ್ಟೆಯ ಹೊದಿಕೆ ಇರುವ ತೆರೆದ ಕಾರು, 1965ರಲ್ಲಿ ತಗಡಿನ ಸೂರು ಇರುವ ಜಿಟಿ. 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಅದರೊಳಗಿದ್ದದ್ದು 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಹೆಸರು ಬಿ-ಸೀರೀಸ್. ಶಕ್ತಿ 95 ಅಶ್ವಶಕ್ತಿ.

ಈ ಬಿ-ಸೀರೀಸ್ ಹೆಸರು ಕೇಳದವರೂ ಅದರ ಸದ್ದು ಕೇಳಿಯೇ ಇರುತ್ತೀರಿ. ನಮ್ಮ ಅಂಬಾಸಡರ್ ಕಾರಿನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಮನೆತನದ್ದು. ಎಂಜಿಬಿಯ ಅಣ್ಣನಾದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರು 1955ರಲ್ಲಿ ಬಂದಾಗ ಅದರಲ್ಲೂ ಇದ್ದದ್ದು 1489 ಸಿಸಿಯ ಬಿ-ಸೀರೀಸ್ ಎಂಜಿನ್ನೇ. ಒಂದು ಕಡೆ ಮಂತ್ರಿಗಳನ್ನು ಹೊತ್ತು ಗಂಭೀರವಾಗಿ ನಡೆಯಿತು, ಇನ್ನೊಂದು ಕಡೆ ಶೋಕಿ ಮಾಡಿತು. ಗಟ್ಟಿ ಎಂಜಿನ್. ಪೂರ್ತಿ ಎರಕದ ಕಬ್ಬಿಣ. ಊರ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಲ್ಲ. ಆದರೆ ವೇಗದ ವಿಷಯದಲ್ಲಿ ಅದಕ್ಕೆ ದೊಡ್ಡ ಉಮೇದಿಲ್ಲ.

ದೊಡ್ಡ ಎಂಜಿನ್ ಎಂದರೇನು ಎಂದು ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಸಿಸಿ ಎಂದರೆ ಎಂಜಿನ್ನಿನ ಹೊಟ್ಟೆಯ ಅಳತೆ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಜಾಗವನ್ನೆಲ್ಲ ಕೂಡಿಸಿದರೆ ಬರುವ ಲೆಕ್ಕ. ಎಂಜಿಬಿಯ 1798ನ್ನು ನಾಲ್ಕರಿಂದ ಭಾಗಿಸಿ, ಒಂದೊಂದಕ್ಕೆ ಸುಮಾರು 450 ಸಿಸಿ ಬರುತ್ತದೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ತುಸು ಕಡಿಮೆ. ನಾವು ಮುಂದೆ ನೋಡಲಿರುವ ವಿ-8 ಎಂಜಿನ್ನಿನದು 3528 ಸಿಸಿ, ಎಂಟರಿಂದ ಭಾಗಿಸಿದರೆ 441. ಅಂದರೆ ಒಂದೊಂದು ಹೊಟ್ಟೆ ಹೆಚ್ಚುಕಡಿಮೆ ಅಷ್ಟೇ. ಹೊಟ್ಟೆಗಳ ಸಂಖ್ಯೆ ಮಾತ್ರ ಇಮ್ಮಡಿ. ಒಂದು ಸುತ್ತಿಗೆ ನಾಲ್ಕು ಸಿಲಿಂಡರಿನ ಎಂಜಿನ್ ಎರಡು ಸಲ ಗುದ್ದಿದರೆ, ಎಂಟರದ್ದು ನಾಲ್ಕು ಸಲ ಗುದ್ದುತ್ತದೆ. ಹೀಗಾಗಿ ಎಂಜಿನ್ನನ್ನು ಕಿರುಚಿಸದೆ, ನಿಧಾನ ಸುತ್ತಿನಲ್ಲೇ ಚಕ್ರಕ್ಕೆ ಭರ್ಜರಿ ಬಲ ಸಿಗುತ್ತದೆ. ಈ ತಿರುಗಿಸುವ ಬಲಕ್ಕೇ ಟಾರ್ಕ್ ಎನ್ನುವುದು. ಘಾಟಿ ಹತ್ತುವಾಗ ಗೇರ್ ಇಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅದೇ.

ಈಗ ಮೊದಲ ಪ್ರಯತ್ನದ ಕಥೆ. 1967ರಲ್ಲಿ ಆಬಿಂಗ್ಡನ್ನಿನವರು ಎಂಜಿಬಿಯ ಮೈಗೆ ಆರು ಸಿಲಿಂಡರಿನ, 2912 ಸಿಸಿಯ ಎಂಜಿನ್ ಕೂರಿಸಿ ಎಂಜಿಸಿ ಎಂದು ಹೆಸರಿಟ್ಟರು. 145 ಅಶ್ವಶಕ್ತಿ. ಕಾಗದದ ಮೇಲೆ ಎಲ್ಲ ಚೆಂದ. ಆದರೆ ಈ ಎಂಜಿನ್ನೂ ಎರಕದ ಕಬ್ಬಿಣ, ಜತೆಗೆ ಉದ್ದ. ಹಳೆಯದಕ್ಕಿಂತ ಸುಮಾರು 95 ಕಿಲೋ ಹೆಚ್ಚು ತೂಕ. ಒಬ್ಬ ದಪ್ಪನೆಯ ಮನುಷ್ಯನನ್ನು ಬಾನೆಟ್ಟಿನ ಕೆಳಗೆ ಶಾಶ್ವತವಾಗಿ ಮಲಗಿಸಿದ ಹಾಗೆ. ಎಂಜಿನ್ ಹಿಡಿಸಲು ಮುಂದಿನ ಸಸ್ಪೆನ್ಷನ್ ಬದಲಿಸಬೇಕಾಯಿತು, ಬಾನೆಟ್ಟಿನ ಮೇಲೆ ಗುಬುಟು ಎಬ್ಬಿಸಬೇಕಾಯಿತು. ಓಡಿಸಿ ನೋಡಿದ ಪತ್ರಕರ್ತರು ಮೂಗು ಭಾರ, ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಹೋಗಲು ನೋಡುತ್ತದೆ ಎಂದು ಬರೆದರು. ಎಂಜಿಬಿಯನ್ನು ಜನ ಮೆಚ್ಚಿದ್ದೇ ಅದು ಹಗುರಾಗಿ ತಿರುಗುತ್ತಿತ್ತು ಎಂದು. ಅದೇ ಹೋದ ಮೇಲೆ ಉಳಿದ ವೇಗ ಯಾರಿಗೆ ಬೇಕು? ಸುಮಾರು ಒಂಬತ್ತು ಸಾವಿರ ಕಾರು ತಯಾರಿಸಿ 1969ರಲ್ಲಿ ನಿಲ್ಲಿಸಿದರು.

ಎರಡನೆಯ ಪ್ರಯತ್ನಕ್ಕೆ ಬಂದ ಎಂಜಿನ್ ಹುಟ್ಟಿದ್ದು ಅಮೆರಿಕದಲ್ಲಿ. ಜನರಲ್ ಮೋಟರ್ಸ್‌ನವರು 1961ರಲ್ಲಿ ತಮ್ಮ ಬ್ಯೂಯಿಕ್ ಮುಂತಾದ ಚಿಕ್ಕ ಕಾರುಗಳಿಗೆಂದು ಪೂರ್ತಿ ಅಲ್ಯೂಮಿನಿಯಮ್ಮಿನ ಒಂದು ವಿ-8 ಎಂಜಿನ್ ಮಾಡಿದರು. ಎರಕ ಹೊಯ್ಯುವುದು ದುಬಾರಿಯಾಯಿತು, ತಕರಾರೂ ಬಂತು. ಮೂರೇ ವರ್ಷಕ್ಕೆ ಕೈಬಿಟ್ಟರು. ಇಂಗ್ಲೆಂಡಿನ ರೋವರ್ ಕಂಪನಿಯವರೊಬ್ಬರು ದೋಣಿ ಎಂಜಿನ್ ತಯಾರಿಸುವ ಮರ್ಕ್ಯುರಿ ಕಂಪನಿಗೆ ಹೋಗಿದ್ದಾಗ ಅಲ್ಲಿ ಇದನ್ನು ಕಂಡರು. ತಮ್ಮ ಕಾರಿಗೆ ಇದು ಹೊಂದುತ್ತದಲ್ಲ ಎನಿಸಿತು. 1965ರಲ್ಲಿ ರೋವರ್ ಅದರ ಹಕ್ಕನ್ನು ಕೊಂಡಿತು. ಅಮೆರಿಕದವರು ಬೇಡವೆಂದು ಬಿಸಾಕಿದ ಎಂಜಿನ್ ಇಂಗ್ಲೆಂಡಿನಲ್ಲಿ ರೋವರ್, ರೇಂಜ್ ರೋವರ್, ಲ್ಯಾಂಡ್ ರೋವರ್ ಎಂದು ನಾಲ್ಕು ದಶಕದ ಹತ್ತಿರ ದುಡಿಯಿತು!

ಅದರ ಬರಿಯ ತೂಕ ಸುಮಾರು 144 ಕಿಲೋ. ಎಂಜಿಬಿಯ ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿಗಿಂತ ಇದು ಭಾರವಲ್ಲ, ತುಸು ಹಗುರವೇ. ಇಮ್ಮಡಿ ಹೊಟ್ಟೆ, ಆದರೆ ತೂಕ ಏರಿಲ್ಲ. ಎಂಜಿಸಿ ಸೋತದ್ದು ಎಲ್ಲಿ ಎಂದು ನೆನಪಿದೆಯಲ್ಲ? ಈ ಎಂಜಿನ್ ಅಲ್ಲೇ ಗೆದ್ದಿತು.

ಇದನ್ನು ಮೊದಲು ಕಂಡು ವ್ಯಾಪಾರ ಮಾಡಿದ್ದು ಕಾರ್ಖಾನೆಯಲ್ಲ. ಕೆನ್ ಕಾಸ್ಟೆಲ್ಲೋ ಎಂಬ ರೇಸ್ ಚಾಲಕ, ಕೆಂಟ್ ಪ್ರಾಂತದವರು. 1970ರ ಸುಮಾರಿಗೆ ತಮ್ಮ ವರ್ಕ್‌ಶಾಪಿನಲ್ಲಿ ಎಂಜಿಬಿಗೆ ರೋವರ್ ವಿ-8 ಕೂರಿಸಿ ಮಾರತೊಡಗಿದರು. ಎಂಜಿನ್ ಮೇಲಿನ ಕಾರ್ಬುರೇಟರ್‌ಗಳಿಗೆ ಜಾಗ ಸಾಲದೆ ಅವರ ಕಾರುಗಳ ಬಾನೆಟ್ಟಿನ ಮೇಲೆ ಗುಬುಟು ಇರುತ್ತಿತ್ತು. ಸುದ್ದಿ ಹಬ್ಬಿತು. ಆ ಹೊತ್ತಿಗೆ ಎಂಜಿ, ರೋವರ್ ಎರಡೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸೂರಿನಡಿ ಇದ್ದವು. ದೊಡ್ಡ ಕಂಪನಿಯವರು ಕಾಸ್ಟೆಲ್ಲೋ ಕಾರನ್ನು ತರಿಸಿ ನೋಡಿದರು, ಆಮೇಲೆ ತಾವೇ ಮಾಡಲು ಹೊರಟರು. ಸಣ್ಣ ಅಂಗಡಿಯವನ ತಿಂಡಿ ಜನರಿಗೆ ಹಿಡಿಸಿತೆಂದರೆ ಎದುರಿನ ದೊಡ್ಡ ಹೋಟೆಲಿನ ಮೆನುವಿನಲ್ಲೂ ಅದು ಬರುತ್ತದೆ. ಉಡುಪಿ ಹೋಟೆಲುಗಳ ಊರಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಖಾನೆಯ ಎಂಜಿಬಿ ಜಿಟಿ ವಿ-8 ಬಿಡುಗಡೆಯಾದದ್ದು 1973ರ ಆಗಸ್ಟಿನಲ್ಲಿ. ಶಕ್ತಿ 137 ಅಶ್ವಶಕ್ತಿ. ಇದು ಎಂಜಿಸಿಗಿಂತ ಕಡಿಮೆಯೇ. ಆದರೆ ಟಾರ್ಕ್ ನೋಡಿ: ಸಾದಾ ಎಂಜಿಬಿಯದು ಸುಮಾರು 149 ನ್ಯೂಟನ್ ಮೀಟರ್, ಇದರದ್ದು 262ರ ಆಸುಪಾಸು. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ. ತಿರುವಿನಲ್ಲಿ ಎಂಜಿಬಿಯ ಹಗುರತನ ಹಾಗೇ ಉಳಿದಿತ್ತು.

ಚೆಂಬೂರಿನ ಮಿತ್ರರು ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಬೇಕು. ಗ್ಯಾರೇಜಿನವರು ಹೇಳಿದ್ದು ಎಂಜಿನ್ ಒಂದರ ಮಾತು. ಆಬಿಂಗ್ಡನ್ನಿನವರು ಬದಲಿಸಿದ್ದು ಏನೇನು?

ಕಾರ್ಬುರೇಟರ್‌ಗಳನ್ನು ಎಂಜಿನ್ನಿನ ಹಿಂಭಾಗಕ್ಕೆ, ಚಾಲಕನ ಮುಂದಿನ ಗೋಡೆಯ ಪಕ್ಕಕ್ಕೆ ಸರಿಸಿದರು. ಅದಕ್ಕೆಂದೇ ಬೇರೆ ಮ್ಯಾನಿಫೋಲ್ಡ್ ಎರಕ ಹೊಯ್ಸಿದರು. ಇದರಿಂದ ಬಾನೆಟ್ಟಿನ ಗುಬುಟು ತಪ್ಪಿತು. ವಿ ಆಕಾರದ ಎಂಜಿನ್ ಅಗಲ ಜಾಸ್ತಿ, ಅದರ ಎರಡೂ ಮಗ್ಗುಲಿಗೆ ಹೊಗೆ ಕೊಳವೆ ಬರುತ್ತದೆ. ಅದಕ್ಕೆ ದಾರಿ ಬಿಡಲು ಒಳಗಿನ ತಗಡಿನ ಆಕಾರ ತಿದ್ದಿದರು, ಸ್ಟೇರಿಂಗ್ ಕೊಳವೆಯನ್ನೂ ಮಾರ್ಪಡಿಸಿದರು. ದೊಡ್ಡ ರೇಡಿಯೇಟರ್ ಹಾಕಿ ಮುಂದಕ್ಕೆ ತಳ್ಳಿದರು, ಅದಕ್ಕೆ ಎರಡು ವಿದ್ಯುತ್ ಫ್ಯಾನ್ ಕೊಟ್ಟರು. ಮುಂದಿನ ಬ್ರೇಕ್ ಡಿಸ್ಕ್ ದಪ್ಪ ಮಾಡಿದರು. ಹಿಂದಿನ ಆಕ್ಸಲಿನ ಹಲ್ಲಿನ ಲೆಕ್ಕವನ್ನೂ ಬದಲಿಸಿದರು. ಸಾದಾ ಎಂಜಿಬಿಯಲ್ಲಿ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ಹಾಕಲು ಎಂಜಿನ್ ಸುಮಾರು 3.9 ಸುತ್ತು ತಿರುಗಬೇಕು, ವಿ-8ರಲ್ಲಿ 3.07 ಸಾಕು. ಬಲ ಜಾಸ್ತಿ ಇರುವಾಗ ಎಂಜಿನ್ನನ್ನು ಅಷ್ಟು ಓಡಿಸುವ ಅಗತ್ಯವಿಲ್ಲ, ಸೈಕಲ್ಲಿನಲ್ಲಿ ಭಾರದ ಗೇರಿಗೆ ಬದಲಿಸಿಕೊಂಡ ಹಾಗೆ.

ಇಷ್ಟೆಲ್ಲ ಮಾಡಿಯೂ ಗೇರ್ ಬಾಕ್ಸನ್ನು ಹಳೆಯ ಎಂಜಿಬಿಯದನ್ನೇ ಸ್ವಲ್ಪ ಮಾರ್ಪಡಿಸಿ ಹಾಕಿದರು. ಅದೇ ಈ ಕಾರಿನ ದುರ್ಬಲ ಜಾಗ ಎಂದು ಇವತ್ತಿಗೂ ಹೇಳುತ್ತಾರೆ. ಸರಪಳಿಯಲ್ಲಿ ಒಂದು ಕೊಂಡಿ ದಪ್ಪ ಮಾಡಿದರೆ ಎಳೆತವೆಲ್ಲ ಪಕ್ಕದ ಕೊಂಡಿಗೆ ಬೀಳುತ್ತದೆ.

ಬ್ರೇಕಿನ ವಿಷಯವನ್ನು ಕೊಂಚ ಒತ್ತಿ ಹೇಳಬೇಕು. ವೇಗ 100ರಿಂದ 140ಕ್ಕೆ ಏರಿದರೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ಒಂದೂವರೆ ಪಾಲಲ್ಲ, ಹತ್ತಿರಹತ್ತಿರ ಎರಡು ಪಾಲಾಗುತ್ತದೆ. ವೇಗದ ವರ್ಗದ ಲೆಕ್ಕ ಅದು. ಐವತ್ತು ವರ್ಷ ಹಳೆಯ ಬ್ರೇಕನ್ನು ಹಾಗೇ ಬಿಟ್ಟು ಎಂಜಿನ್ ಮಾತ್ರ ದೊಡ್ಡದು ಮಾಡುವ ಗ್ಯಾರೇಜಿಗೆ ಬೀಗದ ಕೈ ಕೊಡಲೇಬೇಡಿ. ಶಾಖದ ಕಥೆಯೂ ಇದೇ. ಸುಟ್ಟ ಪೆಟ್ರೋಲಿನಲ್ಲಿ ಚಕ್ರಕ್ಕೆ ತಲುಪುವುದು ಚಿಕ್ಕ ಪಾಲು. ಉಳಿದದ್ದೆಲ್ಲ ಶಾಖವಾಗಿ ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಹೊರಬೀಳಬೇಕು. ಇಂಗ್ಲೆಂಡಿನ ಚಳಿಯಲ್ಲಿ ಎರಡು ಫ್ಯಾನ್ ಬೇಕಾದ ಎಂಜಿನ್, ಮೇ ತಿಂಗಳ ಮಧ್ಯಾಹ್ನ ಸಯನ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಏನಾದೀತು ಊಹಿಸಿ.

ಜಾಗದ ಇಕ್ಕಟ್ಟು ಎಷ್ಟಿರಬಹುದು ಎನ್ನುವುದಕ್ಕೆ ಅದೇ ಕಾಲದ ಇನ್ನೊಂದು ಇಂಗ್ಲಿಷ್ ಕಾರಿನ ಉದಾಹರಣೆ ಇದೆ. ಸನ್‌ಬೀಮ್ ಆಲ್ಪೈನ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಅಮೆರಿಕದ ಕ್ಯಾರಲ್ ಶೆಲ್ಬಿ ಫೋರ್ಡ್ ವಿ-8 ಕೂರಿಸಿ ತೋರಿಸಿದರು. 1964ರಿಂದ ಅದು ಸನ್‌ಬೀಮ್ ಟೈಗರ್ ಎಂಬ ಹೆಸರಿನಲ್ಲಿ ಕಾರ್ಖಾನೆಯಿಂದಲೇ ಬಂತು. ಎಂಜಿನ್ ಒಳಗೆ ಹೋಗಲೆಂದು ಬಣ್ಣದ ಮೊದಲ ಕೋಟು ಬಳಿದಿದ್ದ ತಗಡಿನ ಗೋಡೆಗೆ ಸುತ್ತಿಗೆಯಲ್ಲಿ ಬಡಿಯುತ್ತಿದ್ದರು. ಹಿಂದಿನ ಒಂದು ಸ್ಪಾರ್ಕ್ ಪ್ಲಗ್ ತೆಗೆಯಬೇಕಾದರೆ ಬಾನೆಟ್ ಎತ್ತಿ ಪ್ರಯೋಜನವಿಲ್ಲ, ಕಾರಿನೊಳಗೆ ಕೂತು ಗೋಡೆಯಲ್ಲಿ ಮಾಡಿದ ತೂತಿನಿಂದ ಕೈ ಹಾಕಬೇಕು. ಕೊನೆಗೆ ಆ ಕಂಪನಿಯನ್ನು ಫೋರ್ಡಿನ ಎದುರಾಳಿ ಕ್ರೈಸ್ಲರ್ ಕೊಂಡಿತು. ಕ್ರೈಸ್ಲರಿನ ಸ್ವಂತ ವಿ-8 ಆ ಜಾಗದಲ್ಲಿ ಹಿಡಿಸಲಿಲ್ಲ. 1967ಕ್ಕೆ ಟೈಗರ್ ಕಥೆ ಮುಗಿಯಿತು.

ಎಂಜಿಬಿ ವಿ-8ಕ್ಕೂ ಆಯುಷ್ಯ ಗಟ್ಟಿಯಿರಲಿಲ್ಲ. ಅದು ಬಂದ ಎರಡೇ ತಿಂಗಳಿಗೆ, 1973ರ ಅಕ್ಟೋಬರಿನಲ್ಲಿ, ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. ಪೆಟ್ರೋಲ್ ಬಂಕಿನ ಮುಂದೆ ಸಾಲು ನಿಂತವರಿಗೆ ಎಂಟು ಸಿಲಿಂಡರಿನ ಕಾರು ಮಾರುವುದು ಹೇಗೆ? 2591 ಕಾರು ತಯಾರಾಗಿ 1976ರಲ್ಲಿ ನಿಂತಿತು. ಸಾದಾ ನಾಲ್ಕು ಸಿಲಿಂಡರಿನ ಎಂಜಿಬಿ ಮತ್ತೂ ನಾಲ್ಕು ವರ್ಷ ನಡೆಯಿತು. ಆದರೆ ಕಾಸ್ಟೆಲ್ಲೋ ಹಾಕಿಕೊಟ್ಟ ದಾರಿ ಮುಚ್ಚಲಿಲ್ಲ. ಇಂಗ್ಲೆಂಡಿನಲ್ಲಿ ಎಂಜಿಬಿಗೆ ರೋವರ್ ಎಂಜಿನ್ ಹಾಕಿಸುವವರು ಇವತ್ತಿಗೂ ಇದ್ದಾರೆ, ಅದಕ್ಕೆ ಬೇಕಾದ ಬಿಡಿಭಾಗಗಳೂ ಸಿಗುತ್ತವೆ. ಕಂಪನಿಯೇ 1990ರ ದಶಕದಲ್ಲಿ ಹಳೆಯ ಎಂಜಿಬಿಯ ಮೈಯನ್ನು ತಿದ್ದಿ, ಅದೇ ವಂಶದ 3.9 ಲೀಟರ್ ವಿ-8 ಹಾಕಿ ಆರ್‌ವಿ-8 ಎಂದು ಸುಮಾರು ಎರಡು ಸಾವಿರ ಕಾರು ಮಾಡಿತು. ಬಹುಪಾಲು ಜಪಾನಿಗೆ ಹೋದವು.

ಹಾಗಾದರೆ ಹಾಕಿಸಬಹುದಲ್ಲ ಎನ್ನುತ್ತೀರಾ? ಇಂಗ್ಲೆಂಡಿನಲ್ಲಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ಈಗ ಮುಂಬಯಿಗೆ ಬರೋಣ.

ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾಲೀಕರು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಸಿಎನ್‌ಜಿ ಕಿಟ್‌ನಂಥ ಇಂಧನ ಬದಲಾವಣೆಗೆ ಕಾಯ್ದೆಯಲ್ಲೇ ಅವಕಾಶವಿದೆ. ಸವೆದ ಎಂಜಿನ್ ತೆಗೆದು ಅದೇ ಬಗೆಯ ಇನ್ನೊಂದನ್ನು ಹಾಕುವುದು ಬೇರೆ ಮಾತು, ಅದಕ್ಕೂ ಆರ್‌ಟಿಒ ಅನುಮತಿ ಪಡೆದು ಹೊಸ ಎಂಜಿನ್ ನಂಬರನ್ನು ಆರ್‌.ಸಿ. ಪುಸ್ತಕದಲ್ಲಿ ಬರೆಸಬೇಕು. ಆದರೆ 1798 ಸಿಸಿ, ನಾಲ್ಕು ಸಿಲಿಂಡರ್ ಎಂದು ಬರೆದಿರುವ ಕಾರಿನ ಬಾನೆಟ್ಟಿನ ಕೆಳಗೆ ಎಂಟು ಸಿಲಿಂಡರ್ ಕೂತಿದ್ದರೆ, ಪುಸ್ತಕವೇ ಬೇರೆ, ಗಾಡಿಯೇ ಬೇರೆ. ಅಪಘಾತವಾದ ದಿನ ವಿಮೆಯವರು ಮೊದಲು ತೆರೆಯುವುದೇ ಆ ಪುಸ್ತಕ.

ಇನ್ನೊಂದು ದೊಡ್ಡ ನಷ್ಟವಿದೆ. ಗ್ಯಾರೇಜಿನವರು ಇದನ್ನು ಹೇಳಿರಲಾರರು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗೆ ಓಡಿಸದ ಕಾರು, ದ್ವಿಚಕ್ರ ವಾಹನಗಳು ಇದರಡಿ ಬರುತ್ತವೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ, ಹತ್ತು ವರ್ಷಕ್ಕೆ ಊರ್ಜಿತ, ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಅಕ್ಷರಗಳು. ದಿನಾ ಆಫೀಸಿಗೆ ಓಡಿಸಲು ಇದರಲ್ಲಿ ಆಗುವುದಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಷರತ್ತು ಏನೆಂದರೆ ಚಾಸಿ, ಮೈಯ ಚೌಕಟ್ಟು, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. 1970ರ ಎಂಜಿಬಿ ಈಗಾಗಲೇ ಐವತ್ತು ದಾಟಿದೆ. ಮೂಲ ಎಂಜಿನ್ ಇದ್ದರೆ ಆ ಬಾಗಿಲು ತೆರೆದಿದೆ. ಕಿತ್ತು ಬೇರೆಯದು ಹಾಕಿದ ದಿನ ಅದು ಮುಚ್ಚಿತು.

ಅದಕ್ಕೇ ಚೆಂಬೂರಿನ ಮಿತ್ರರಿಗೆ ನನ್ನ ಉತ್ತರ: ಬೇಡಿ. ಜಾಮ್ ಆದ ಬಿ-ಸೀರೀಸ್ ಎಂಜಿನ್ ಸತ್ತಿದೆ ಎಂದು ತಿಳಿಯಬೇಕಿಲ್ಲ. ಬಹಳ ದಿನ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ತುಕ್ಕಿನಿಂದ ಸಿಲಿಂಡರ್ ಗೋಡೆಗೆ ಅಂಟಿಕೊಂಡಿರುವುದೇ ಹೆಚ್ಚು. ಸ್ಟಾರ್ಟರ್ ಹಾಕಿಯೋ ಗಾಡಿ ಎಳೆಸಿಯೋ ಬಲವಂತ ಮಾಡಬೇಡಿ, ರಿಂಗು ಮುರಿದೀತು. ಸ್ಪಾರ್ಕ್ ಪ್ಲಗ್ ಬಿಚ್ಚಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಹೆಡ್ ಬಿಚ್ಚಿ ನೋಡಬೇಕು. ಗೋಡೆ ಕೆಟ್ಟಿದ್ದರೆ ಬೋರಿಂಗ್ ಮಾಡಿಸಿ ಒಂದಳತೆ ದೊಡ್ಡ ಪಿಸ್ಟನ್ ಹಾಕಿಸಬಹುದು. ಎಂಜಿಬಿಯ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿಯೇ ತಯಾರಾಗುತ್ತವೆ, ಕಾರಿನ ಪೂರ್ತಿ ಮೈ ಕೂಡ 1988ರಿಂದ ಹೊಸದಾಗಿ ಸಿಗುತ್ತಾ ಬಂದಿದೆ. ಅಂಬಾಸಡರಿನ ಹಳೆಯ ಎಂಜಿನ್ ಬಿಚ್ಚಿ ಕೈ ಕಪ್ಪು ಮಾಡಿಕೊಂಡ ವಯಸ್ಸಾದ ಮೇಸ್ತ್ರಿ ಯಾರಾದರೂ ಸಿಕ್ಕರೆ ಅವರನ್ನೇ ಹಿಡಿಯಿರಿ. ಭಾಗಗಳ ಅಳತೆ ಬೇರೆಯಾದರೂ ಮನೆತನದ ಸ್ವಭಾವ ಅವರಿಗೆ ಗೊತ್ತಿರುತ್ತದೆ.

ಈ ಉತ್ತರವನ್ನು ಫೋನಿನಲ್ಲಿ ಅವರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸರಿ ಸಾರ್. ನಿಜ ಹೇಳಬೇಕೆಂದರೆ ವೇಗ ನನಗೂ ಬೇಕಿರಲಿಲ್ಲ. ದೊಡ್ಡಪ್ಪ ಗೇಟಿನ ಹತ್ತಿರ ಬಂದಾಗ ಕೇಳುತ್ತಿತ್ತಲ್ಲ, ಆ ಸದ್ದು ಒಂದ್ಸಲ ಕೇಳಬೇಕಿತ್ತು. ಎಂಜಿನ್ ಬದಲಿಸಿದರೆ ಅದೂ ಬೇರೆಯಾಗುತ್ತಿತ್ತೇನೋ" ಎಂದರು.

ಆಗುತ್ತಿತ್ತು. ನಾಲ್ಕು ಸಿಲಿಂಡರಿನ ಸದ್ದು ಸಮಗತಿಯಲ್ಲಿ ಬೀಳುವ ಪೆಟ್ಟು. ಈ ವಿ-8ರಲ್ಲಿ ಒಂದೊಂದು ಮಗ್ಗುಲಿನ ನಾಲ್ಕು ಸಿಲಿಂಡರುಗಳು ಸಮ ಅಂತರದಲ್ಲಿ ಹೊತ್ತಿಕೊಳ್ಳುವುದಿಲ್ಲ, ಆದ್ದರಿಂದ ಹೊಗೆ ಕೊಳವೆಯಿಂದ ಗುಡುಗುಡು ಎಂದು ತಪ್ಪುಹೆಜ್ಜೆಯ ಹಾಗೆ ಬರುತ್ತದೆ. ಮದ್ದಳೆಗೂ ಚೆಂಡೆಗೂ ಇರುವಷ್ಟು ವ್ಯತ್ಯಾಸ.

ಮೊನ್ನೆ ಮತ್ತೆ ಅವರ ಫೋನ್ ಬಂದಿತ್ತು. ಎಣ್ಣೆ ಬಿಟ್ಟು ಹನ್ನೊಂದು ದಿನವಾಗಿದೆಯಂತೆ, ಕ್ರ್ಯಾಂಕಿನ ನಟ್ಟಿಗೆ ಪಾನಾ ಹಾಕಿ ಮೆಲ್ಲಗೆ ತಿರುಗಿಸಿದಾಗ ಬೆರಳಗಲ ಅಲ್ಲಾಡಿತಂತೆ. ಎಂಜಿನ್ ಚಾಲೂ ಆದರೆ ಸದ್ದನ್ನು ರೆಕಾರ್ಡ್ ಮಾಡಿ ಕಳಿಸುವುದಾಗಿ ಹೇಳಿದ್ದಾರೆ. ಬಂದರೆ ಭಾನುವಾರದ ಕಾರ್ಯಕ್ರಮದಲ್ಲಿ, ಮೊದಲ ಹಾಡಿಗೂ ಮುಂಚೆ ಕೇಳಿಸುತ್ತೇನೆ.